ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು

ಕೊಲಾಬಾದ ಕಡೆಗೆ ಹೋಗುವ ನಮ್ಮ ಬಂಧುಗಳು ರೀಗಲ್ ಸಿನೆಮಾದ ಎದುರಿನ ವೃತ್ತವನ್ನು ದಾಟುವಾಗ ಹಳೆಯ ಕಲ್ಲಿನ ಕಟ್ಟಡವೊಂದನ್ನು ನೋಡಿಯೇ ಇರುತ್ತಾರೆ. ಈಗ ಅದು ಮಹಾರಾಷ್ಟ್ರ ಪೋಲೀಸರ ಮುಖ್ಯ ಕಚೇರಿ. ನಾವಿಕರ ವಸತಿಗೃಹವೆಂದು ಕಟ್ಟಿಸಿದ ಆ ಮನೆ 1928ರಿಂದ ಮುಂದೆ ಐದು ದಶಕಗಳಿಗೂ ಹೆಚ್ಚು ಕಾಲ ಮುಂಬಯಿಯ ಕೌನ್ಸಿಲ್ ಹಾಲ್ ಆಗಿತ್ತು. ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಈ ನಾಲ್ಕು ಕನ್ನಡ ಜಿಲ್ಲೆಗಳ ಭಾಗ್ಯವನ್ನು ಒಂದು ಕಾಲಕ್ಕೆ ನಿರ್ಣಯಿಸುತ್ತಿದ್ದುದು ಅಲ್ಲಿಯೇ ಎಂಬುದು ಇಂದಿನ ನಮ್ಮ ಮಕ್ಕಳಿಗೆ ತಿಳಿದಿರಲಿಕ್ಕಿಲ್ಲ. ಆ ಸಭಾಗೃಹಕ್ಕೆ ರೋಣ ತಾಲೂಕಿನ ಎರೆಹೊಲದ ನಾಡಿನಿಂದ ಬಂದು ಕುಳಿತವರು ಜಕ್ಕಲಿಯ ಅಂದಾನಪ್ಪ ಜ್ಞಾನಪ್ಪ ದೊಡ್ಡಮೇಟಿಯವರು.

ಅವರು ಹುಟ್ಟಿದ್ದು 1908ನೆಯ ಇಸವಿ ಮಾರ್ಚ್ ತಿಂಗಳಲ್ಲಿ. ಜಕ್ಕಲಿಯು ಅಂದು ಧಾರವಾಡ ಜಿಲ್ಲೆಗೆ ಸೇರಿದ್ದಿತು, ಈಗ ಗದಗ ಜಿಲ್ಲೆಯಲ್ಲಿದೆ. ತರುಣ ವಯಸ್ಸಿನಲ್ಲಿಯೇ ಕಾಂಗ್ರೆಸ್ಸಿನ ಚಳವಳಿಗೆ ಇಳಿದರು, ಸೆರೆಮನೆಯನ್ನೂ ಕಂಡರು. ಆ ತಲೆಮಾರಿನ ಧಾರವಾಡ ಜಿಲ್ಲೆಯ ಅನೇಕ ಮನೆತನಗಳ ಕಥೆ ಇದೇ ಆದುದರಿಂದ ಅದನ್ನಿಲ್ಲಿ ಬೆಳೆಸುವುದಿಲ್ಲ.

1935ರ ಕಾಯಿದೆಯ ಮೇರೆಗೆ 1937ರಲ್ಲಿ ಪ್ರಾಂತಗಳ ಶಾಸನಸಭೆಗಳಿಗೆ ಚುನಾವಣೆಗಳು ನಡೆದವು. ಮುಂಬಯಿ ಅಸೆಂಬ್ಲಿಗೆ 175 ಸ್ಥಾನಗಳು. ಧಾರವಾಡ ಜಿಲ್ಲೆಯನ್ನು ಧಾರವಾಡ ಉತ್ತರ, ಧಾರವಾಡ ದಕ್ಷಿಣ ಎಂದು ಎರಡು ಗ್ರಾಮಾಂತರ ಮತಕ್ಷೇತ್ರಗಳನ್ನಾಗಿ ಸೀಳಿದ್ದರು. ರೋಣದ ಸೀಮೆ ಉತ್ತರದ ಪಾಲಿಗೆ ಬಂದಿತು. ಇಂದಿನ ವಾಚಕರಿಗೆ ಆ ಮತಕ್ಷೇತ್ರದ ರೀತಿ ವಿಚಿತ್ರವೆನಿಸೀತು. ಒಂದೇ ಕ್ಷೇತ್ರದಿಂದ ಒಬ್ಬರಿಗಿಂತ ಹೆಚ್ಚು ಸಭಾಸದರು. ಎಷ್ಟು ಸ್ಥಾನಗಳೋ ಮತದಾರನಿಗೆ ಅಷ್ಟು ಮತಗಳು. ಅವನ್ನು ಹಂಚಬಹುದು, ಬೇಕಾದರೆ ಎಲ್ಲವನ್ನೂ ಒಬ್ಬನಿಗೇ ಸುರಿಯಬಹುದು. ಆದರೆ ಮತದ ಹಕ್ಕು ಎಲ್ಲರಿಗೂ ಎಲ್ಲಿತ್ತು? ಭೂಕಂದಾಯ ಕಟ್ಟುವವನಿಗೆ, ಓದು ಬಲ್ಲವನಿಗೆ, ಇಂಥ ಕೆಲವರಿಗೆ ಮಾತ್ರ. ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಮತದಾರರು ಸುಮಾರು 3 ಕೋಟಿ. ಕೂಲಿಯವರು, ಅವರ ಹೆಣ್ಣುಮಕ್ಕಳು ಚಾವಡಿಯ ಹೊರಗೇ ನಿಂತು ನೋಡಬೇಕಾಗಿತ್ತು.

ಈ ಚುನಾವಣೆಯಲ್ಲಿ ಆರಿಸಿ ಬಂದಾಗ ದೊಡ್ಡಮೇಟಿಯವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಗದಗಿನಿಂದ ಹುಬ್ಬಳ್ಳಿ, ಅಲ್ಲಿಂದ ಸಣ್ಣ ಹಳಿಯ ಗಾಡಿಯಲ್ಲಿ ಪುಣೆ, ಪುಣೆಯಲ್ಲಿ ಗಾಡಿ ಬದಲಿಸಿ ಮುಂಬಯಿ. ನಮ್ಮ ಹಿರಿಯರು ಹೊಟ್ಟೆಪಾಡಿಗಾಗಿ ಟ್ರಂಕು ಹೊತ್ತು ಬಂದ ದಾರಿಯೂ ಇದೇ.

ಸಭೆಯ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ ನಡೆಯಬೇಕೆಂದು ಕಾಯಿದೆಯೇ ಹೇಳುತ್ತಿತ್ತು. ಆ ಭಾಷೆ ಬಾರದವರಿಗೆ, ಸಾಲದವರಿಗೆ ಮಾತ್ರ ವಿನಾಯಿತಿ. ಅಂಥ ಸಭೆಯಲ್ಲಿ ದೊಡ್ಡಮೇಟಿಯವರು ಕನ್ನಡದಲ್ಲಿ ಮಾತನಾಡಿದರು. ಕೇಳುವವರಲ್ಲಿ ಹೆಚ್ಚಿನವರು ಮರಾಠಿ, ಗುಜರಾತಿ ಮಂದಿ. ಅರ್ಥವಾಗದ ಮಾತಿಗೆ ಬೆಲೆಯೇನು ಎಂದು ಯಾರಾದರೂ ಕೇಳಬಹುದು. ತನ್ನನ್ನು ಕಳಿಸಿದ ಒಕ್ಕಲಿಗನಿಗೆ ತಿಳಿಯದ ಭಾಷೆಯಲ್ಲಿ ಅವನ ಅಹವಾಲನ್ನು ಹೇಳುವುದಕ್ಕೂ ಅಷ್ಟೇ ಬೆಲೆಯೆಂದು ನನಗೆ ತೋರುತ್ತದೆ.

1938ರಲ್ಲಿ ಕರ್ನಾಟಕಕ್ಕೆ ಪ್ರತ್ಯೇಕ ಪ್ರಾಂತ ಬೇಕೆಂಬ ಠರಾವನ್ನು ಮುಂಬಯಿ ಅಸೆಂಬ್ಲಿ ಒಪ್ಪಿತು. ಬ್ರಿಟಿಷ್ ಸರಕಾರ ಅದನ್ನು ನಡೆಸಿಕೊಡಲಿಲ್ಲ. ಮರುವರ್ಷ ಮಹಾಯುದ್ಧ ಬಂದಿತು, ಖೇರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. 1946ರಲ್ಲಿ ಮತ್ತೆ ಅದೇ ಬಗೆಯ ಚುನಾವಣೆ. 1947ರ ಏಪ್ರಿಲಿನಲ್ಲಿ, ಸ್ವಾತಂತ್ರ್ಯಕ್ಕೆ ಇನ್ನು ನಾಲ್ಕೇ ತಿಂಗಳಿರುವಾಗ, ಭಾಷಾವಾರು ಪ್ರಾಂತಗಳ ಠರಾವನ್ನು ದೊಡ್ಡಮೇಟಿಯವರೇ ಮಂಡಿಸಿದರು. ಸಭೆ ಒಪ್ಪಿತು. ವಿಚಾರ ಮಾಡಿರಿ: ಆ ಠರಾವು ನಡೆದರೆ ಮುಂಬಯಿಯ ಸಭೆಯಲ್ಲಿ ಅವರ ಕುರ್ಚಿಯೇ ಉಳಿಯುವಂತಿರಲಿಲ್ಲ.

1952ರ ಹೊತ್ತಿಗೆ ವಯಸ್ಕರೆಲ್ಲರಿಗೂ ಮತ ಬಂದಿತು, ಧಾರವಾಡ ಉತ್ತರವೆಂಬ ಹಳೆಯ ಮತಕ್ಷೇತ್ರ ಕಾಗದದಿಂದ ಅಳಿಸಿಹೋಯಿತು. ಆದರೆ ಕರ್ನಾಟಕ ಬರಲಿಲ್ಲ. ಆ ವರ್ಷದ ಕೊನೆಗೆ ಪೊಟ್ಟಿ ಶ್ರೀರಾಮುಲು ಅವರ ಪ್ರಾಣಾರ್ಪಣೆಯಿಂದ ಆಂಧ್ರ ನಿಶ್ಚಯವಾದಾಗ ಕನ್ನಡ ಜಿಲ್ಲೆಗಳಲ್ಲಿ ಕಿಚ್ಚು ಹೊತ್ತಿಕೊಂಡಿತು. 1953ರಲ್ಲಿ ದೊಡ್ಡಮೇಟಿಯವರು ಶಾಸನಸಭೆಯ ಸ್ಥಾನಕ್ಕೆ ರಾಜೀನಾಮೆಯಿತ್ತು ಜಕ್ಕಲಿಯಲ್ಲಿ ಉಪವಾಸ ಕೈಕೊಂಡರು. ಅದೇ ವರ್ಷ ಗದಗಿನ ಕಲಾವಿದ ಸಿ. ಎನ್. ಪಾಟೀಲರಿಂದ ತಮ್ಮ ಮನೆಯಲ್ಲಿ ತಾಯಿ ಭುವನೇಶ್ವರಿಯ ಚಿತ್ರವನ್ನು ಬರೆಯಿಸಿದರು. ದೇವಿಯ ಹಿಂದೆ ಆಗಿನ್ನೂ ಹುಟ್ಟದ ರಾಜ್ಯದ ನಕಾಶೆ! ಇಂದು ರಾಜ್ಯೋತ್ಸವದಲ್ಲಿ ಭುವನೇಶ್ವರಿಯ ಪಟಕ್ಕೆ ಹಾರ ಹಾಕುವ ನಮ್ಮವರು ಜಕ್ಕಲಿಯ ಆ ಮನೆಯನ್ನು ಒಮ್ಮೆ ನೆನೆದರೆ ಒಳ್ಳೆಯದು. ಅದೇ ಸಾಲಿನಲ್ಲಿ ಹುಬ್ಬಳ್ಳಿ ತಾಲೂಕಿನ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರೂ ಉಪವಾಸ ಕುಳಿತರು.

1956ರ ನವೆಂಬರ್ 1ರಂದು ಚಂದಗಡ ತಾಲೂಕೊಂದನ್ನು ಬಿಟ್ಟು ನಾಲ್ಕೂ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಕನ್ನಡ ಶಾಸಕರು ಕೌನ್ಸಿಲ್ ಹಾಲಿನಿಂದ ಬೆಂಗಳೂರಿನ ಹಾದಿ ಹಿಡಿದರು. ಮಾಟುಂಗಾ, ಫೋರ್ಟು, ಪರೇಲಿನಲ್ಲಿ ನೆಲಸಿದ್ದ ನಮ್ಮವರು ಮಾತ್ರ ಇಲ್ಲಿಯೇ ಉಳಿದರು. ನಿನ್ನೆಯವರೆಗೆ ಸ್ವಂತ ಪ್ರಾಂತದ ರಾಜಧಾನಿಯಾಗಿದ್ದ ಊರು ಅಂದಿನಿಂದ ಪರರಾಜ್ಯದ್ದಾಯಿತು. ಸಂತೋಷದ ದಿನವೇ, ಆದರೂ ಊರಿಂದ ಆರಿಸಿ ಬಂದ ಧಣಿಯೊಬ್ಬರನ್ನು ಕೌನ್ಸಿಲ್ ಹಾಲಿನ ಬಾಗಿಲಲ್ಲಿ ಕಂಡು ಅರ್ಜಿ ಕೊಡುವ ಕಾಲ ನಮಗೆ ಅಲ್ಲಿಗೆ ಮುಗಿಯಿತು.

ಮೈಸೂರು ವಿಧಾನಸಭೆಯಲ್ಲಿ ದೊಡ್ಡಮೇಟಿಯವರು ಇನ್ನೊಂದು ಹಟ ಹಿಡಿದರು. ರಾಜ್ಯಕ್ಕೆ ಕರ್ನಾಟಕವೆಂದೇ ಹೆಸರಿಡಬೇಕು ಎಂಬುದು. ಆ ಮಾತು ಆಗ ನಡೆಯಲಿಲ್ಲ. ಅವರು ಬಿಡಲೂ ಇಲ್ಲ. 1972ರ ಫೆಬ್ರವರಿಯಲ್ಲಿ ತೀರಿಕೊಂಡರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಆ ಹೆಸರು ಬಂದಿತು.