ಮಾರ್ಥಾ ವಾಷಿಂಗ್ಟನ್ ಅಮ್ಮನವರು

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಪ್ರಥಮ ಅಧ್ಯಕ್ಷರಾದ ಜಾರ್ಜ್ ವಾಷಿಂಗ್ಟನ್ನರ ಹೆಸರನ್ನು ಚರಿತ್ರೆಯ ಪಾಠದಲ್ಲಿ ಓದದ ವಿದ್ಯಾರ್ಥಿನಿಯು ನಮ್ಮಲ್ಲಿಲ್ಲ. ಆದರೆ ಅವರ ಧರ್ಮಪತ್ನಿಯ ವಿಷಯವಾಗಿ ಪಾಠಪುಸ್ತಕಗಳು ಒಂದೆರಡು ಪಂಕ್ತಿಗಳಿಗೆ ಮುಗಿಸಿಬಿಡುವುದರಿಂದ, ಆ ಮಹಿಳೆಯ ಜೀವಿತವನ್ನು ಇಲ್ಲಿ ಬರೆಯಲು ಮನಸ್ಸುಮಾಡಿದೆವು.

1731ನೆಯ ಇಸವಿ ಜೂನ್ 2ರಂದು ವರ್ಜೀನಿಯಾ ಪ್ರಾಂತದಲ್ಲಿ ಮಾರ್ಥಾ ಜನಿಸಿದರು. ಆ ಕಾಲದ ಹೆಣ್ಣುಮಕ್ಕಳಂತೆ ಅವರಿಗೆ ಮನೆವಾರ್ತೆಯೂ ಹೊಲಿಗೆಯೂ ಚೆನ್ನಾಗಿ ಕಲಿಸಲ್ಪಟ್ಟವು, ಅಕ್ಷರವಿದ್ಯೆಯಾದರೋ ಅಷ್ಟಕ್ಕಷ್ಟೆ. ಅವರ ಕಾಗದಗಳಲ್ಲಿ ಅಕ್ಷರದೋಷಗಳು ಬೇಕಾದಷ್ಟಿವೆ. ಉಪಾಧ್ಯಾಯಿನಿಯರಾದ ನಾವು ಅವನ್ನು ಕಂಡು ನಗುವುದಕ್ಕಿಂತ ಮರುಗುವುದೇ ಲೇಸು. 1757ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿಯೇ, ಅವರು ವಿಧವೆಯಾದರು. ನಾಲ್ವರು ಮಕ್ಕಳಲ್ಲಿ ಇಬ್ಬರು ಅದಾಗಲೇ ತೀರಿಹೋಗಿದ್ದರು. ಆದರೂ ಎದೆಗುಂದದೆ, ಲಂಡನಿನ ವರ್ತಕರಿಗೆ ಕಾಗದ ಬರೆದು ಹೊಗೆಸೊಪ್ಪಿನ ವ್ಯವಹಾರವನ್ನು ತಾವೇ ನಡೆಸಿದರು. 1759ರ ಜನವರಿ 6ರಂದು ಕರ್ನಲ್ ವಾಷಿಂಗ್ಟನ್ನರೊಡನೆ ಪುನರ್ವಿವಾಹವಾಗಿ ಮೌಂಟ್ ವರ್ನನ್ ಎಂಬ ಮನೆಗೆ ಬಂದರು.

1775ರಲ್ಲಿ ಯುದ್ಧವು ಪ್ರಾರಂಭವಾಗಿ ಪತಿಯು ಸೇನಾಧಿಪತಿಯಾದರು. ಚಳಿಗಾಲದಲ್ಲಿ ಕಾದಾಟವು ನಿಂತಾಗಲೆಲ್ಲಾ ಅಮ್ಮನವರು ಕೆಟ್ಟ ದಾರಿಗಳಲ್ಲಿ ನೂರಾರು ಮೈಲಿ ಗಾಡಿಯಲ್ಲಿ ಪ್ರಯಾಣಮಾಡಿ ದಂಡಿನ ಪಾಳೆಯವನ್ನು ಸೇರುತ್ತಿದ್ದರು. ಪಾಳೆಯದಲ್ಲಿ ಸಿಡುಬಿನ ಭಯವಿತ್ತು. ಜೆನ್ನರನ ಗೋವಿನ ದೇವಿಯು ಇನ್ನೂ ಬಂದಿರಲಿಲ್ಲವಾದ್ದರಿಂದ, ರೋಗಿಯ ಕೀವನ್ನೇ ಮೈಗೆ ಹತ್ತಿಸಿಕೊಳ್ಳಬೇಕಾಗಿತ್ತು. ಅದರಿಂದ ಸತ್ತವರೂ ಉಂಟು. 1776ರಲ್ಲಿ ಅಮ್ಮನವರು ಅದಕ್ಕೂ ಒಪ್ಪಿದರು. ವ್ಯಾಲಿ ಫೋರ್ಜಿನ ಪಾಳೆಯದಲ್ಲಿ ಸುಮಾರು ಎರಡು ಸಾವಿರ ಸಿಪಾಯಿಗಳು ರೋಗದಿಂದ ಮಡಿದರು. 1778ರ ಫೆಬ್ರವರಿಯಲ್ಲಿ ಅಲ್ಲಿಗೆ ಬಂದ ಅಮ್ಮನವರು ಇಕ್ಕಟ್ಟಾದ ಒಂದು ಮನೆಯಲ್ಲಿ ಅಧಿಕಾರಿಗಳನ್ನು ಸತ್ಕರಿಸುತ್ತಾ ವಸಂತದವರೆಗೆ ಇದ್ದರು. ಎಂಟು ವರ್ಷಗಳ ಯುದ್ಧದಲ್ಲಿ ಸುಮಾರು ಅರ್ಧ ಕಾಲ ಅವರು ಪತಿಯ ಬಳಿಯಲ್ಲಿಯೇ ಇದ್ದರು.

ಮಗಳು ಪ್ಯಾಟ್ಸಿಯು 1773ರಲ್ಲಿಯೇ ಮೂರ್ಛೆರೋಗದಿಂದ ತೀರಿಹೋಗಿದ್ದಳು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನು ಶರಣಾಗತನಾದನು. (ಇದೇ ಕಾರ್ನ್‌ವಾಲಿಸನು 1792ರಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನು.) ಊರೆಲ್ಲಾ ಜಯಘೋಷವಾಗುತ್ತಿರಲು, ಉಳಿದಿದ್ದ ಒಬ್ಬನೇ ಮಗನು ಪಾಳೆಯದ ಜ್ವರದಿಂದ ಮೃತನಾದನು. ಹೆತ್ತ ನಾಲ್ವರಲ್ಲಿ ಒಬ್ಬರೂ ಉಳಿಯಲಿಲ್ಲ. ಐವತ್ತು ವಯಸ್ಸಿನ ಆ ತಾಯಿಯು ಮಗನ ಎಳೆಯ ಮಕ್ಕಳಿಬ್ಬರನ್ನು, ನೆಲ್ಲಿಯನ್ನೂ ಅವಳ ತಮ್ಮನನ್ನೂ, ತಮ್ಮ ಮಡಿಲಿಗೆ ತೆಗೆದುಕೊಂಡು ಸಾಕಿದರು. ಪ್ರತಿದಿನ ಬೆಳಗಿನ ಉಪಾಹಾರವಾದ ಮೇಲೆ ಸತ್ಯವೇದದೊಡನೆ ಏಕಾಂತವಾಗಿ ಒಂದು ಗಂಟೆ ಪ್ರಾರ್ಥನೆಯಲ್ಲಿರುವ ನೇಮವನ್ನು ಅವರು ತಪ್ಪಿಸುತ್ತಿರಲಿಲ್ಲವೆಂದು ಮನೆಯವರು ಹೇಳಿದ್ದಾರೆ.

ಇಷ್ಟನ್ನು ಹೇಳಿ ಸುಮ್ಮನಾದರೆ ನಾವು ಸತ್ಯಕ್ಕೆ ದ್ರೋಹಮಾಡಿದಂತಾದೀತು. ಆ ಮನೆಯು ಗುಲಾಮರ ದುಡಿಮೆಯ ಮೇಲೆ ನಿಂತಿತ್ತು. ಅಮ್ಮನವರ ಸೇವೆಯಲ್ಲಿದ್ದ ಓನಾ ಜಡ್ಜ್ ಎಂಬ, ಹೊಲಿಗೆಯಲ್ಲಿ ನಿಪುಣಳಾದ ತರುಣಿಯು, ತನ್ನನ್ನು ಯಜಮಾನಿಯ ಮೊಮ್ಮಗಳಿಗೆ ಕೊಡುವರೆಂದು ತಿಳಿದು 1796ರಲ್ಲಿ ಫಿಲಡೆಲ್ಫಿಯಾದಿಂದ ತಪ್ಪಿಸಿಕೊಂಡು ಹೋದಳು. ಮಗಳಂತೆ ಸಾಕಿದವಳು ಹೋದಳೆಂದು ಮನೆಯವರು ನೊಂದರು. ಅವಳನ್ನು ಹಿಡಿತರಿಸಲು ಯತ್ನಿಸಿದರು. ಅವಳು ಸಿಕ್ಕಲಿಲ್ಲ. ಆಕೆ ಓದನ್ನು ಕಲಿತದ್ದೂ ಕ್ರಿಸ್ತನನ್ನು ಅರಿತದ್ದೂ ಬಿಡುಗಡೆಯಾದ ಮೇಲೆಯೇ. ದಿನಕ್ಕೊಂದು ಗಂಟೆ ಸತ್ಯವೇದವನ್ನು ಓದುತ್ತಿದ್ದ ಯಜಮಾನಿಗೆ ಈ ಹುಡುಗಿಗೆ ಅಕ್ಷರ ಕಲಿಸಬೇಕೆಂದು ತೋರದೆ ಹೋದದ್ದು ನಮ್ಮನ್ನು ಬಹಳವಾಗಿ ಕಾಡುತ್ತದೆ.

1799ರ ಡಿಸೆಂಬರ್ 14ರಂದು ವಾಷಿಂಗ್ಟನ್ನರು ಕಾಲವಾದರು. ಅಮ್ಮನವರು ದಂಪತಿಗಳ ಕೋಣೆಯನ್ನು ಮುಚ್ಚಿ, ಮೇಲಂತಸ್ತಿನ ಒಂದು ಚಿಕ್ಕ ಕೋಣೆಯನ್ನು ಸೇರಿದರು. ಪತಿಗೆ ಸೇರಿದ ಗುಲಾಮರು ತಮ್ಮ ಮರಣದ ತರುವಾಯ ಬಿಡುಗಡೆಯಾಗತಕ್ಕದ್ದೆಂದು ಉಯಿಲಿನಲ್ಲಿದ್ದರೂ, 1801ರ ಜನವರಿ 1ರಂದೇ ಅವರನ್ನು ಬಿಡಿಸಿದರು. ಮೊದಲನೆಯ ಗಂಡನ ಆಸ್ತಿಗೆ ಸೇರಿದವರು ಮಾತ್ರ ಬಿಡುಗಡೆ ಹೊಂದದೆ ಮೊಮ್ಮಕ್ಕಳ ಪಾಲಿಗೆ ಹಂಚಿಹೋದರು. ಪತಿಪತ್ನಿಯರ ನಡುವಣ ಕಾಗದಗಳನ್ನು ಅವರೇ ಸುಟ್ಟುಬಿಟ್ಟರೆಂದು ಹೇಳುತ್ತಾರೆ. ಉಳಿದವು ಕೆಲವೇ ಕೆಲವು. 1802ರ ಮೇ 22ರಂದು ಅವರು ತೀರಿಕೊಂಡರು. ಅವರ ದೇಹವು ಮೌಂಟ್ ವರ್ನನ್ನಿನಲ್ಲಿ ಪತಿಯ ಮಗ್ಗುಲಲ್ಲಿ ಇರಿಸಲ್ಪಟ್ಟಿದೆ.