ಮಾರುತ್ ಹಾರಿಸಿದ ಸುರಂಜನ್ ದಾಸ್
ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಸಾಗುವ ಸುರಂಜನ್ ದಾಸ್ ರಸ್ತೆಯಲ್ಲಿ ನಿತ್ಯವೂ ಸಹಸ್ರಾರು ವಾಹನಗಳು ಓಡಾಡುತ್ತವೆ. ಆ ಹೆಸರಿನ ವ್ಯಕ್ತಿಯನ್ನು ಬಲ್ಲವರು ಮಾತ್ರ ವಿರಳ. ಭಾರತದಲ್ಲಿ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧ ವಿಮಾನವನ್ನು ಪ್ರಥಮ ಬಾರಿಗೆ ಆಗಸಕ್ಕೇರಿಸಿದವರು ಅವರೇ.

ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸುಧಿ ರಂಜನ್ ದಾಸ್ ಅವರ ಪುತ್ರರಾದ ಸುರಂಜನ್, ವಾಯುಪಡೆಯ ಅಧಿಕಾರಿಯಾಗಿ ಇಂಗ್ಲೆಂಡಿನಲ್ಲಿ ಪರೀಕ್ಷಾ ಪೈಲಟ್ ತರಬೇತಿ ಪಡೆದರು. ಹೊಸ ವಿಮಾನದ ಗುಣದೋಷಗಳನ್ನು ಇತರರಿಗಿಂತ ಮೊದಲು ಗಾಳಿಯಲ್ಲಿ ಅರಿಯುವುದು ಪರೀಕ್ಷಾ ಪೈಲಟ್‌ನ ಕಾಯಕ. ಎಂಜಿನ್ ಕೈಕೊಟ್ಟರೆ ಎತ್ತರದಲ್ಲಿರುವ ವಿಮಾನವನ್ನು ತೇಲಿಸಿಕೊಂಡು ಬಂದು ಇಳಿಸಲು ಅವಕಾಶವುಂಟು. ನೆಲ ಬಿಟ್ಟ ಮೊದಲ ಕ್ಷಣಗಳಲ್ಲಿ ಎತ್ತರವೂ ಇರದು, ವೇಗವೂ ಸಾಲದು, ಯೋಚಿಸಲು ಸಮಯವೂ ಇಲ್ಲ.

1956ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಎಫ್–24 ಮಾರುತ್ ವಿಮಾನವನ್ನು ದಾಸ್ 1961ರ ಜೂನ್ 17ರಂದು ಹಾರಿಸಿದರು. 1964ರ ಸೆಪ್ಟೆಂಬರ್ 4ರಂದು ಕಿರಣ್ ತರಬೇತಿ ವಿಮಾನದ ಚೊಚ್ಚಲ ಹಾರಾಟವೂ ಅವರಿಂದಲೇ ನಡೆಯಿತು.

ಶಬ್ದದ ಎರಡು ಪಟ್ಟು ವೇಗದ ಗುರಿಯಿಟ್ಟುಕೊಂಡಿದ್ದ ಮಾರುತ್‌ಗೆ ತಕ್ಕ ಎಂಜಿನ್ ದೊರೆಯಲೇ ಇಲ್ಲ. ನೆಚ್ಚಿಕೊಂಡಿದ್ದ ಬ್ರಿಟಿಷ್ ಎಂಜಿನ್‌ನ ಅಭಿವೃದ್ಧಿ ನಡುವೆಯೇ ನಿಂತುಹೋಯಿತು. ಈಜಿಪ್ಟ್‌ನ ಎಂಜಿನ್‌ನೊಡನೆ ನಡೆಸಿದ ಯತ್ನವೂ ಫಲಿಸಲಿಲ್ಲ. ಕಡೆಗೆ ಎರಡು ಆರ್ಫಿಯಸ್ 703 ಎಂಜಿನ್‌ಗಳಲ್ಲೇ ತೃಪ್ತಿಪಡಬೇಕಾಯಿತು. ಅವುಗಳ ಹಿಂಭಾಗದಲ್ಲಿ ಇಂಧನವನ್ನು ಮತ್ತೊಮ್ಮೆ ಉರಿಸಿ ಹೆಚ್ಚುವರಿ ನೂಕುಬಲ ಪಡೆಯುವ ‘ರೀಹೀಟ್’ ವ್ಯವಸ್ಥೆಯನ್ನು ಬೆಂಗಳೂರಿನಲ್ಲೇ ಸಿದ್ಧಪಡಿಸಿ ಮಾದರಿ ವಿಮಾನಕ್ಕೆ ಅಳವಡಿಸಲಾಯಿತು.

1970ರ ಜನವರಿ 10ರಂದು ಆ ವಿಮಾನವನ್ನು ಪರೀಕ್ಷಿಸಲು ಹೊರಟವರು ಗ್ರೂಪ್ ಕ್ಯಾಪ್ಟನ್ ದಾಸ್. ಮೇಲೇರಿದ ಕೆಲವೇ ಕ್ಷಣಗಳಲ್ಲಿ ವಿಮಾನ ನೆಲಕ್ಕಪ್ಪಳಿಸಿ ಅವರು ಅಸುನೀಗಿದರು. ಅದೇ ವರ್ಷ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು. ರೀಹೀಟ್ ಅಳವಡಿಸಿದ ಮಾರುತ್ ವಾಯುಪಡೆಯ ಸೇವೆಗೆ ಬರಲಿಲ್ಲ.

ಮರುವರ್ಷದ ಯುದ್ಧದಲ್ಲಿ ಲೋಂಗೆವಾಲಾ ಸೇರಿದಂತೆ ರಾಜಸ್ಥಾನದ ಗಡಿಯಲ್ಲಿ ಮಾರುತ್‌ಗಳು ಹೋರಾಡಿದವು. ನೆಲದಿಂದ ಹಾರಿಬಂದ ಗುಂಡಿಗೆ ಒಂದು ಎಂಜಿನ್ ಕಳೆದುಕೊಂಡ ಮಾರುತ್ ಉಳಿದ ಒಂದರ ಬಲದಿಂದಲೇ ನೆಲೆಗೆ ಮರಳಿದ್ದುಂಟು. ಬೇಕಾದ ವೇಗ ದಕ್ಕದಿದ್ದರೂ ವಿಮಾನದ ಒಡಲು ಗಟ್ಟಿಯಿತ್ತು. ಅದನ್ನು ನಂಬಿ ಹಾರಬಹುದೆಂದು ಮೊದಲು ತಿಳಿದುಕೊಟ್ಟವರು ದಾಸ್.