ಬಯಲಾಟಕ್ಕೊಂದು ನೆಲೆ

ಪಡುವಣ ಕಡಲಿಗೂ ಮೂಡಣ ಸಹ್ಯಾದ್ರಿಗೂ ನಡುವೆ, ಬೈಂದೂರಿನಿಂದ ಕುಂದಾಪುರವನ್ನು ಹಾದು ಬ್ರಹ್ಮಾವರದವರೆಗೆ ಹಬ್ಬಿರುವ ನೆಲವು ಬಡಗುತಿಟ್ಟಿನ ಯಕ್ಷಗಾನದ ತವರುಗಳಲ್ಲಿ ಒಂದು. ಮಳೆಗಾಲ ಕಳೆದು ಗದ್ದೆಯ ಕೊಯ್ಲು ಮುಗಿಯುತ್ತ ಬಂದಂತೆ ಮಾರಣಕಟ್ಟೆ, ಮಂದಾರ್ತಿ, ಸೌಕೂರು ಮೊದಲಾದ ದೇವಾಲಯಗಳ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಹರಕೆ ಹೊತ್ತವರು ಆಟ ಆಡಿಸುತ್ತಾರೆ. ಊರಿಗೆ ಊರೇ ಬಯಲಿನಲ್ಲಿ ಕುಳಿತು ಬೆಳಗಿನವರೆಗೆ ನೋಡುತ್ತದೆ. ವಾಹನ ಸೌಕರ್ಯವಿಲ್ಲದ ಕಾಲದಲ್ಲಿ ವೇಷಭೂಷಣಗಳ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊರಿಸಿಕೊಂಡು ಕಲಾವಿದರು ಊರಿಂದೂರಿಗೆ ನಡೆದೇ ಹೋಗುತ್ತಿದ್ದರು. ಆಟ ಆಡಿಸುವವರ ಮನೆಯಲ್ಲಿ ಅವರಿಗೆ ಊಟ. ಅಲ್ಲಿಯೇ ಜಗಲಿಯ ಮೇಲೆ ಹಗಲಿನ ನಿದ್ರೆ. ರಾತ್ರಿಯಾದರೆ ಮತ್ತೆ ಚೌಕಿ, ಮತ್ತೆ ಬಣ್ಣ. ಮಳೆ ಬಂದು ಗೆಜ್ಜೆ ಬಿಚ್ಚಿದ ಮೇಲೆ ಅವರಲ್ಲಿ ಅನೇಕರು ಮರಳಿ ಬೇಸಾಯಕ್ಕೆ ಇಳಿಯುತ್ತಿದ್ದರು.

ಈ ಕಲೆಗೆ ಅನ್ನವಿಕ್ಕುವ ಊರಿತ್ತು, ಹರಸುವ ದೇವರಿದ್ದ, ಮೆಚ್ಚುವ ಜನರಿದ್ದರು. ಇಲ್ಲದಿದ್ದುದು ಒಂದೇ. ಕಲಾವಿದರು ಹಗಲು ಹೊತ್ತು ಒಂದೆಡೆ ನೆಲಸಿ, ತಮ್ಮ ಕಲೆಯ ವಿಷಯವನ್ನು ನೆಮ್ಮದಿಯಿಂದ ಚಿಂತಿಸಿ, ಎಳೆಯರಿಗೆ ಕ್ರಮವಾಗಿ ಕಲಿಸುವ ಒಂದು ನೆಲೆ ಇರಲಿಲ್ಲ. ಅಂತಹ ನೆಲೆಗಾಗಿ ದೀರ್ಘಕಾಲ ದುಡಿದವರಲ್ಲಿ ಇದೇ ನೆಲದ ಮಗನಾದ ಶಿವರಾಮ ಕಾರಂತರು ಪ್ರಮುಖರು. ಕಾದಂಬರಿಕಾರರೆಂದು ಅವರನ್ನು ನಾಡೆಲ್ಲ ಬಲ್ಲದು. ಅವರ ಬಾಳಿನ ಈ ಇನ್ನೊಂದು ಮುಖವೂ ತಿಳಿಯತಕ್ಕದ್ದಾಗಿದೆ.

ಕಾರಂತರು 1902ನೆಯ ಇಸವಿಯ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದರು. ಕುಂದಾಪುರ ಮತ್ತು ಉಡುಪಿಗಳ ನಡುವಣ ಈ ಊರು ಇಂದು ಬ್ರಹ್ಮಾವರ ತಾಲ್ಲೂಕಿಗೆ ಸೇರಿದೆ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಕೋಟದ ಸುತ್ತಮುತ್ತ ಚಂಡೆಯ ದನಿ ಕೇಳದ ಊರಿಲ್ಲ. ನವರಾತ್ರಿಯಲ್ಲಿ ಹುಡುಗರು ಹೂವಿನ ಕೋಲನ್ನು ಹಿಡಿದು ಮನೆಮನೆಗೆ ಹೋಗಿ, ಭಾಗವತರ ಹಾಡಿಗೆ ಅರ್ಥ ಹೇಳುವ ಪದ್ಧತಿ ಈ ಸೀಮೆಯದು. ಓದುಬರಹ ಬಾರದವರ ನಾಲಗೆಯ ಮೇಲೂ ಭಾರತ ರಾಮಾಯಣಗಳ ಕಥೆ ನಲಿದಾಡುತ್ತಿದ್ದ ಪರಿಸರ ಅದು. ಯಕ್ಷಗಾನವು ಅಲ್ಲಿ ಕೆಲವರ ಸೊತ್ತಲ್ಲ, ಇಡೀ ಊರಿನ ಸೊತ್ತು.

ಕುಂದಾಪುರದಲ್ಲಿ ಪ್ರೌಢಶಾಲೆಯ ಓದನ್ನು ಮುಗಿಸಿ ಕಾರಂತರು ಮಂಗಳೂರಿನ ಸರಕಾರಿ ಕಾಲೇಜನ್ನು ಸೇರಿದರು. ಆಗ ದೇಶದಲ್ಲಿ ಅಸಹಕಾರ ಚಳವಳಿಯ ಬಿರುಗಾಳಿ ಬೀಸುತ್ತಿದ್ದಿತು. ಗಾಂಧೀಜಿಯವರ ಕರೆಗೆ ಓಗೊಟ್ಟು ಯುವಕ ಕಾರಂತರು ಕಾಲೇಜನ್ನು ತೊರೆದು ಖಾದಿ ಪ್ರಚಾರಕ್ಕೆ ಇಳಿದರು. ಊರೂರು ಸುತ್ತಿದರು, ‘ವಸಂತ’ವೆಂಬ ಪತ್ರಿಕೆಯನ್ನು ನಡೆಸಿದರು, ನಾಟಕಗಳನ್ನು ಬರೆದು ಆಡಿಸಿದರು. ಪದವಿಯಿಲ್ಲದ ಈ ತರುಣನಿಗೆ ಊರೂರಿನ ಜನರೇ ಪಾಠಪುಸ್ತಕವಾದರು. ಮುಂದೆ ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’ ಮೊದಲಾದ ಕಾದಂಬರಿಗಳಲ್ಲಿ ಮೈದಾಳಿದ ಬದುಕು ಈ ಸುತ್ತಾಟದಲ್ಲಿ ಕಂಡು ಕೇಳಿದ ಬದುಕೇ.

ಬಳಿಕ ಕಾರಂತರು ದಕ್ಷಿಣದ ಪುತ್ತೂರಿನಲ್ಲಿ ನೆಲಸಿದರು. ಅಲ್ಲಿ ಸಹಕಾರ ಚಳವಳಿಯ ಮುಂದಾಳುಗಳಾಗಿದ್ದ ಮೊಳಹಳ್ಳಿ ಶಿವರಾಯರ ಬೆಂಬಲ ಅವರಿಗೆ ದೊರೆಯಿತು. ದಸರೆಯ ದಿನಗಳಲ್ಲಿ ಪುತ್ತೂರಿನಲ್ಲಿ ನಾಡಹಬ್ಬವು ನಡೆಯುವಂತಾಯಿತು. ನಾಡಿನ ಬೇರೆ ಬೇರೆ ಭಾಗಗಳ ಸಾಹಿತಿಗಳು ಆ ಸಣ್ಣ ಊರಿಗೆ ಬಂದು ಉಪನ್ಯಾಸ ಮಾಡಿದರು. ನಾಟಕ, ಸಂಗೀತ, ನೃತ್ಯಗಳು ಊರಿನವರ ಮುಂದೆ ಪ್ರದರ್ಶಿತವಾದವು. ದೊಡ್ಡ ಪಟ್ಟಣದಲ್ಲಿ ಮಾತ್ರ ಕಲೆ ಸಾಹಿತ್ಯಗಳು ಬಾಳಬಲ್ಲವೆಂಬ ಭ್ರಮೆಯನ್ನು ಪುತ್ತೂರಿನ ಜನರು ತಮ್ಮ ಸಹಕಾರದಿಂದ ಸುಳ್ಳಾಗಿಸಿದರು.

1930ರ ದಶಕದಲ್ಲಿ ಅದೇ ಊರಿನ ಗುಡ್ಡದ ಮೇಲೆ ‘ಬಾಲವನ’ ತಲೆಯೆತ್ತಿತು. ಮಕ್ಕಳು ಭಯವಿಲ್ಲದೆ, ಆಟಪಾಟಗಳ ನಡುವೆ, ಮರಗಿಡಗಳ ನೆರಳಿನಲ್ಲಿ ಕಲಿಯಬೇಕೆಂಬುದು ಕಾರಂತರ ಹಂಬಲವಾಗಿದ್ದಿತು. ಕುಣಿತ, ಚಿತ್ರ, ಅಭಿನಯಗಳು ಅಲ್ಲಿ ಪಾಠದ ಅಂಗಗಳೇ ಆದವು. 1936ರಲ್ಲಿ ಅವರ ಕೈಹಿಡಿದ ಲೀಲಾ ಅವರು ಈ ಎಲ್ಲ ಸಾಹಸಗಳಲ್ಲಿ ಸಮಭಾಗಿನಿಯಾದರು. ಬೇರೆ ಬೇರೆ ಜಾತಿಗಳಿಗೆ ಸೇರಿದವರ ಆ ವಿವಾಹವನ್ನು ಅಂದಿನ ಸಮಾಜವು ಸುಲಭವಾಗಿ ಒಪ್ಪುವಂತಿರಲಿಲ್ಲ. ದಂಪತಿಗಳು ಅದಕ್ಕೆ ಅಂಜಲಿಲ್ಲ. ಬಾಲವನದಲ್ಲಿ ನಾಟಕಶಾಲೆಯಿತ್ತು, ಮುದ್ರಣಾಲಯವೂ ಇದ್ದಿತು. ಆದರೆ ಹಣವಿರಲಿಲ್ಲ. ಬರೆದು ಗಳಿಸಿದುದನ್ನು ಪ್ರಯೋಗಗಳು ನುಂಗಿದವು. ಮಕ್ಕಳ ಶಾಲೆ ಬಹುಕಾಲ ನಡೆಯಲಿಲ್ಲ. ಲೋಕದ ದೃಷ್ಟಿಯಲ್ಲಿ ಅದು ಸೋಲು. ಆದರೆ ಕಲಿಯುವವರೂ ಕಲಿಸುವವರೂ ಒಂದೆಡೆ ಕೂಡಿ ಬಾಳಿದಾಗ ಕಲೆ ಚಿಗುರುತ್ತದೆಂಬ ಪಾಠವನ್ನು ಕಾರಂತರು ಅಲ್ಲಿ ಮನಗಂಡರು. ಆ ಅನುಭವವು ಮುಂದೆ ಬಯಲಾಟದ ಸೇವೆಗೆ ಒದಗಿತು.

ಬಾಲ್ಯದಲ್ಲಿ ಕಂಡ ಬಯಲಾಟವನ್ನು ಅವರು ಮರೆತಿರಲಿಲ್ಲ. ಆದರೆ ಆಟದ ರೂಪ ಬದಲಾಗುತ್ತಲಿದ್ದಿತು. ಪಟ್ಟಣದ ನಾಟಕ ಕಂಪೆನಿಗಳ ಥಳುಕಿನ ಉಡುಪುಗಳು ರಂಗಸ್ಥಳವನ್ನು ಏರುತ್ತಿದ್ದವು. ಹಳೆಯ ರಾಗಗಳು ಒಂದೊಂದಾಗಿ ಬಳಕೆ ತಪ್ಪುತ್ತಿದ್ದವು. ಹಿರಿಯ ಕಲಾವಿದನೊಬ್ಬನು ತೀರಿಕೊಂಡರೆ ಅವನೊಡನೆ ಒಂದು ಕುಣಿತದ ಕ್ರಮವೇ ಮಣ್ಣುಗೂಡುತ್ತಿದ್ದಿತು. ಕಾರಂತರು ಹಳ್ಳಿಹಳ್ಳಿಗೆ ಹೋಗಿ ಮುದುಕ ಭಾಗವತರನ್ನು, ವೇಷಧಾರಿಗಳನ್ನು ಕಂಡರು. ಹಳೆಯ ಪ್ರಸಂಗಗಳನ್ನು ಅರಸಿದರು. ರಾಗ ತಾಳಗಳನ್ನೂ ವೇಷಗಳ ವಿನ್ಯಾಸವನ್ನೂ ಪರಿಶೀಲಿಸಿದರು. ಅಜಪುರದ ವಿಷ್ಣುವೆಂಬ ಕವಿಯ ‘ವಿರಾಟಪರ್ವ’ದ ತಾಡವಾಲೆಯ ಪ್ರತಿಯ ಕಾಲ 1564. ಅಜಪುರವೆಂದರೆ ಬ್ರಹ್ಮಾವರವೆಂದು ವಿದ್ವಾಂಸರು ಗುರುತಿಸುತ್ತಾರೆ. ಹೀಗೆ ನಾಲ್ಕು ನೂರು ವರ್ಷಗಳಿಗೂ ಹಿಂದಿನ ಪರಂಪರೆಯುಳ್ಳ ಕಲೆಯೊಂದು ನಮ್ಮ ಅಲಕ್ಷ್ಯದಿಂದ ಸೊರಗಬಾರದೆಂದು ಅವರು ಶ್ರಮಿಸಿದರು. ಆ ಶ್ರಮದ ಫಲವಾದ ‘ಯಕ್ಷಗಾನ ಬಯಲಾಟ’ವು 1957ರಲ್ಲಿ ಪ್ರಕಟವಾಯಿತು. 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಹಳ್ಳಿಯ ಬಯಲಿನ ಆಟಕ್ಕೆ ವಿದ್ವತ್ತಿನ ಸಭೆಯಲ್ಲಿ ಮನ್ನಣೆಯ ಪೀಠ ದೊರೆತಂತಾಯಿತು.

ಆದರೆ ಗ್ರಂಥವು ಕಲೆಯನ್ನು ವಿವರಿಸಬಲ್ಲುದು, ಕುಣಿಯಲಾರದು. ಕುಣಿಯುವುದಕ್ಕೆ ಮನುಷ್ಯ ಬೇಕು; ಅವನು ಕಲಿಯುವುದಕ್ಕೆ ಗುರು ಬೇಕು. ಹಿಂದೆ ಕಲಾವಿದನಾಗಲು ಬಯಸಿದ ಹುಡುಗನು ಮೇಳವನ್ನೇ ಸೇರಬೇಕಾಗಿದ್ದಿತು. ಅಲ್ಲಿ ಮೊದಲು ಕೋಡಂಗಿಯಾಗಿ, ಬಳಿಕ ಬಾಲಗೋಪಾಲನಾಗಿ, ಅನಂತರ ಸ್ತ್ರೀವೇಷಧಾರಿಯಾಗಿ, ಹಿರಿಯರನ್ನು ನೋಡಿ ನೋಡಿ ಅವನು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಿದ್ದನು. ಆ ಪದ್ಧತಿ ಮಹಾ ಕಲಾವಿದರನ್ನು ನೀಡಿದೆ. ಆದರೆ ಇರುಳು ನಿದ್ರೆಗೆಟ್ಟು, ಹಗಲು ದಾರಿ ನಡೆದು ದಣಿಯುವ ಮೇಳದಲ್ಲಿ ಬಿಡಿಬಿಡಿಯಾಗಿ ತಿದ್ದಿ ಕಲಿಸಲು ಬಿಡುವೆಲ್ಲಿಯದು? ಹುಡುಗನು ಶಾಲೆಯನ್ನೂ ಬಿಡಬೇಕಾಗುತ್ತಿದ್ದಿತು.

ಈ ಕೊರತೆಯನ್ನು ನೀಗಲು 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರವು ಆರಂಭವಾಯಿತು. ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಅದಕ್ಕೆ ಆಸರೆಯಾಯಿತು. ಅಲ್ಲಿ ಪ್ರಾಂಶುಪಾಲರಾಗಿದ್ದ ಕು. ಶಿ. ಹರಿದಾಸ ಭಟ್ಟರು ಸಂಸ್ಥೆಯ ಭಾರವನ್ನು ಹೊತ್ತರು. ಎಪ್ಪತ್ತರ ಅಂಚಿನಲ್ಲಿದ್ದ ಕಾರಂತರು ತಮ್ಮ ಅನುಭವವನ್ನು ಧಾರೆಯೆರೆದರು. ನೀಲಾವರದ ರಾಮಕೃಷ್ಣಯ್ಯನವರು ಭಾಗವತಿಕೆಗೆ, ಮಟಪಾಡಿಯ ವೀರಭದ್ರ ನಾಯಕರು ಕುಣಿತಕ್ಕೆ, ಹಿರಿಯಡಕದ ಗೋಪಾಲರಾಯರು ಮದ್ದಳೆಗೆ ಗುರುಗಳಾದರು. ನೀಲಾವರ, ಮಟಪಾಡಿಗಳು ಬ್ರಹ್ಮಾವರದ ಮಗ್ಗುಲಿನ ಊರುಗಳೆಂಬುದನ್ನು ಗಮನಿಸಬೇಕು. ಅಲ್ಲಿಯೇ ಇರುವ ಹಾರಾಡಿಯ ಹೆಸರಿನಿಂದಲೂ ಮಟಪಾಡಿಯ ಹೆಸರಿನಿಂದಲೂ ಕುಣಿತದ ಶೈಲಿಗಳೇ ಪ್ರಸಿದ್ಧವಾಗಿವೆ. ಹಳ್ಳಿಯ ಅಂಗಳದ ವಿದ್ಯೆ ಕಾಲೇಜಿನ ಅಂಗಳವನ್ನು ಪ್ರವೇಶಿಸಿತು. ಅದನ್ನು ತಂದವರು ಹಳ್ಳಿಯ ಗುರುಗಳೇ. ಪುಸ್ತಕದ ಪಂಡಿತರು ಅವರ ಜಾಗವನ್ನು ಆಕ್ರಮಿಸಲಿಲ್ಲ.

ಕೇಂದ್ರವು ಗುರುಕುಲದ ಮಾದರಿಯಲ್ಲಿ ಬೆಳೆಯಿತು. ಶಿಷ್ಯರು ಅಲ್ಲಿಯೇ ಉಳಿದು, ಅಲ್ಲಿಯೇ ಉಂಡು, ಗುರುಗಳ ಕಣ್ಣೆದುರಿನಲ್ಲಿ ಅಭ್ಯಾಸ ಮಾಡುವ ವ್ಯವಸ್ಥೆಯಾಯಿತು. ಶಾಲೆಯ ಓದಿಗೆ ಎರವಾಗದೆ ಕಲೆಯನ್ನು ಕಲಿಯುವ ದಾರಿ ತೆರೆಯಿತು. ಯಾವ ಜಾತಿಯ, ಯಾವ ಸೀಮೆಯ ಹುಡುಗನೇ ಆಗಲಿ, ಆಸಕ್ತಿಯೊಂದೇ ಪ್ರವೇಶದ ಯೋಗ್ಯತೆ. ದೂರದ ಊರುಗಳಿಂದಲೂ ಹೊರದೇಶಗಳಿಂದಲೂ ಜನರು ಬಂದು ಕೆಲಕಾಲ ನಿಂತು ಕಲಿತರು. ಕಲಾವಿದರಿಗೆ ತಂಗಲು ತಾವು, ಉಣ್ಣಲು ಅನ್ನ, ಚಿಂತಿಸಲು ಬಿಡುವು, ಈ ಮೂರನ್ನು ಒದಗಿಸಿದರೆ ಕಲೆ ತಾನಾಗಿ ಬೆಳೆಯುತ್ತದೆ. ಇಂದು ಲೋಕದ ನಾನಾ ಕಡೆ ಕಲಾಸಂಸ್ಥೆಗಳು ಕಲಾವಿದರನ್ನು ಕರೆದು ಕೆಲವು ತಿಂಗಳು ಇರಿಸಿಕೊಳ್ಳುವ ಕ್ರಮವಿದೆ. ಅದರ ಹಿಂದಿರುವ ತತ್ತ್ವವೂ ಇದೇ.

ಕಾರಂತರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಮೇಳಗಳ ನುರಿತ ಕಲಾವಿದರನ್ನು ಕೂಡಿಸಿ ಹೊಸ ಪ್ರಯೋಗಗಳನ್ನು ನಡೆಸಿದರು. ಇಡೀ ರಾತ್ರಿಯ ಆಟವನ್ನು ಎರಡು ಮೂರು ಗಂಟೆಗಳಿಗೆ ಇಳಿಸಿದರು. ಕನ್ನಡ ಬಾರದವರೂ ಸವಿಯುವಂತೆ ಮಾತನ್ನು ಕಡಿಮೆ ಮಾಡಿ, ಹಾಡು ಕುಣಿತಗಳಿಂದಲೇ ಕಥೆಯನ್ನು ನಡೆಸಿದರು. ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ಸೇರಿಸಿದರು. ಅಭಿಮನ್ಯುವಿನ ವಧೆ, ಪಂಚವಟಿ, ನಳದಮಯಂತಿಯರ ಕಥೆಗಳು ಹೀಗೆ ಹೊಸ ರೂಪವನ್ನು ತಾಳಿದವು. ‘ಯಕ್ಷರಂಗ’ವೆಂಬ ತಂಡವು ಭಾರತದ ಹಲವು ನಗರಗಳಲ್ಲಿಯೂ ಹೊರದೇಶಗಳಲ್ಲಿಯೂ ಈ ರೂಪಕಗಳನ್ನು ಪ್ರದರ್ಶಿಸಿತು.

ಮೆಚ್ಚಿದವರಿದ್ದಂತೆ ಮುನಿದವರೂ ಇದ್ದರು. ಮಾತುಗಾರಿಕೆಯೇ ಯಕ್ಷಗಾನದ ಜೀವವೆಂದು ನಂಬಿದವರಿಗೆ ಮಾತಿಲ್ಲದ ಆಟವು ಅಂಗಹೀನವಾಗಿ ಕಂಡಿತು. ಹಳೆಯದನ್ನು ಉಳಿಸಬೇಕೆನ್ನುವವರೇ ಹೊಸ ವಾದ್ಯಗಳನ್ನು ತಂದುದೇಕೆಂದು ಕೆಲವರು ಆಕ್ಷೇಪಿಸಿದರು. ಈ ಆಕ್ಷೇಪಗಳನ್ನು ಹುರುಳಿಲ್ಲದವೆಂದು ತಳ್ಳಿಹಾಕುವಂತಿಲ್ಲ. ಊರಿನ ಬಯಲಿನಲ್ಲಿ ಜನರು ಇಂದಿಗೂ ಅರ್ಥಗಾರಿಕೆಯನ್ನು ಕಿವಿದೆರೆದು ಕೇಳುತ್ತಾರೆ. ಮೇಳಗಳು ಅದನ್ನು ಬಿಟ್ಟಿಲ್ಲ. ಆದರೆ ಕಾರಂತರು ತಮ್ಮ ಪ್ರಯೋಗವನ್ನು ಮೇಳಗಳ ಮೇಲೆ ಹೇರಲಿಲ್ಲವೆಂಬುದನ್ನೂ ನೆನೆಯಬೇಕು. ಮುಖ್ಯವಾದುದು ಇಷ್ಟು: ತಮ್ಮ ಕಲೆ ಹೇಗಿರಬೇಕೆಂದು ಊರಿನ ಜನರೇ ಚರ್ಚಿಸುವಂತಾಯಿತು. ಯಾರೂ ಚರ್ಚಿಸದ ಕಲೆಯು ವಸ್ತುಸಂಗ್ರಹಾಲಯವನ್ನು ಸೇರುತ್ತದೆ. ಜನರು ಜಗಳವಾಡುವ ಕಲೆಯು ಬದುಕಿರುತ್ತದೆ.

ಕಾರಂತರದು ನೇರ ನಡೆಯ ನಿಷ್ಠುರ ಸ್ವಭಾವ. ತುರ್ತುಪರಿಸ್ಥಿತಿಯನ್ನು ಹೇರಿದಾಗ ಅದನ್ನು ಪ್ರತಿಭಟಿಸಿ ತಮಗೆ ದೊರೆತಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದಿತು. ಇಳಿವಯಸ್ಸಿನಲ್ಲಿ ಅವರು ಪುತ್ತೂರನ್ನು ಬಿಟ್ಟು, ಹುಟ್ಟೂರಾದ ಕೋಟದ ನೆರೆಯ ಸಾಲಿಗ್ರಾಮಕ್ಕೆ ಬಂದು ನೆಲಸಿದರು. ಕೀರ್ತಿಯ ಶಿಖರವನ್ನೇರಿದ ಮೇಲೂ ಗೆಜ್ಜೆಯ ನಾದದ ಸೆಳೆತ ಕಡಿಮೆಯಾಗಲಿಲ್ಲ. ಮುಪ್ಪಿನಲ್ಲಿಯೂ ತಾವೇ ಎದ್ದು ನಿಂತು ಹೆಜ್ಜೆಯನ್ನು ತೋರಿಸುವ ಉತ್ಸಾಹ ಅವರದಾಗಿತ್ತು. 1997ರ ಡಿಸೆಂಬರ್ 9ರಂದು, ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ, ಅವರು ಮಣಿಪಾಲದಲ್ಲಿ ಕೊನೆಯುಸಿರೆಳೆದರು.

ಅವರು ಬಿತ್ತಿದ ಬೀಜ ಸಾಯಲಿಲ್ಲ. ಪುತ್ತೂರಿನ ಬಾಲವನ ಇಂದು ಅವರ ಸ್ಮಾರಕವಾಗಿದೆ. ಉಡುಪಿಯ ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರದ ಮಕ್ಕಳು ತಾಳಕ್ಕೆ ಹೆಜ್ಜೆ ಕೂಡಿಸುತ್ತಾರೆ. ಕೋಟತಟ್ಟು ಗ್ರಾಮ ಪಂಚಾಯತಿಯು ಕಾರಂತರ ಹೆಸರಿನಲ್ಲಿ ಹುಟ್ಟೂರ ಪ್ರಶಸ್ತಿಯನ್ನು ಸ್ಥಾಪಿಸಿದೆ. ಅಲ್ಲಿನ ಕಾರಂತ ಥೀಮ್ ಪಾರ್ಕಿನಲ್ಲಿ ಊರವರು ಸೇರಿ ಸಾಹಿತ್ಯ ಕಲೆಗಳ ಕಾರ್ಯಕ್ರಮಗಳನ್ನು ನಡೆಸುತ್ತಾರೆ. ಸಮೀಪದಲ್ಲಿಯೇ, 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆಯವರು ಸಾಲಿಗ್ರಾಮ ಮಕ್ಕಳ ಮೇಳವನ್ನು ಕಟ್ಟಿ, ಶಾಲೆಗೆ ಹೋಗುವ ಹುಡುಗರೂ ಬಯಲಾಟವನ್ನು ಸಮರ್ಥವಾಗಿ ಆಡಬಲ್ಲರೆಂದು ತೋರಿಸಿದರು.

ಮಹಾಪುರುಷರ ನೆನಪಿಗೆ ಪ್ರತಿಮೆಗಳನ್ನು ನಿಲ್ಲಿಸುವುದು ಸುಲಭ. ಅವರು ಹಿಡಿದ ಕೆಲಸವನ್ನು ಮುಂದುವರಿಸುವುದು ಕಷ್ಟ. ಊರಿನಲ್ಲಿ ಆಟವಿರುವ ರಾತ್ರಿ ಚೌಕಿಯ ಬದಿಯಲ್ಲಿ ನಿಂತು ಬಣ್ಣ ಬರೆಯುವುದನ್ನು ನೋಡುವ ಹುಡುಗ, ಭಾಗವತರ ಪದವನ್ನು ಗುನುಗುವ ಹುಡುಗಿ, ಬಂದ ಕಲಾವಿದರಿಗೆ ಎಲೆ ಹಾಕಿ ಬಡಿಸುವ ಮನೆಯಾಕೆ, ಇವರೆಲ್ಲರೂ ಆ ಕೆಲಸದಲ್ಲಿ ಪಾಲುಗಾರರು. ರಂಗಸ್ಥಳದ ಮೇಲೆ ಕುಣಿಯುವವರು ಕೆಲವರೇ. ರಂಗಸ್ಥಳವನ್ನು ಎತ್ತಿ ಹಿಡಿಯುವವರು ಇಡೀ ಊರಿನವರು. ಕೋಟದ ಶಿವರಾಮ ಕಾರಂತರು ತಮ್ಮ ದೀರ್ಘ ಬಾಳಿನಿಂದ ನಮಗೆ ಉಳಿಸಿಹೋದ ತಿಳಿವಳಿಕೆ ಇದು.